ಮಿಲಾನ್‌ನಿಂದ ರೋಮ್‌ಗೆ ಅರ್ಧ ಸೂಜಿ

ಮಂಕಿ ಟೋಪಿಯನ್ನು ತಲೆಯಿಂದ ಕಿತ್ತು ಮೇಜಿನ ಮೇಲಿಟ್ಟರೆ ಮುದುಡಿಕೊಂಡು ಅಂಗೈಯಗಲ ಆಗುತ್ತದೆ. ಮತ್ತೆ ತೊಟ್ಟರೆ ಕಿವಿ, ಕೆನ್ನೆ, ಗದ್ದ ಎಲ್ಲವನ್ನೂ ಅಪ್ಪಿ ಹಿಡಿಯುವಷ್ಟು ಹಿಗ್ಗುತ್ತದೆ. ಎಳೆಗೂಸಿಗೆಂದು ಅಂಗಡಿಯಿಂದ ತರುವ ಹೊಸೈರಿ ಕುಲಾವಿಯ ಸ್ವಭಾವ ಬೇರೆ. ಅದೂ ಹಿಗ್ಗುತ್ತದೆ, ಆದರೆ ಸ್ವಲ್ಪ ಬಿಗುಮಾನದಿಂದ. ಮುಟ್ಟಿದರೆ ನುಣುಪು, ತಿರುಗಿಸಿ ನೋಡಿದರೆ ಒಳಗೂ ಹೊರಗೂ ಒಂದೇ ಮುಖ. ಒಂದು ಉಣ್ಣೆಯದು, ಇನ್ನೊಂದು ಹತ್ತಿಯದು, ಅದಕ್ಕೇ ಹೀಗೆ ಎಂದು ಕಾರಣ ಹೇಳಿ ಮುಗಿಸುವಂತಿಲ್ಲ. ಎರಡಕ್ಕೂ ಒಂದೇ ನೂಲು ಕೊಟ್ಟು ನೋಡಿ, ವ್ಯತ್ಯಾಸ ಹಾಗೆಯೇ ಉಳಿಯುತ್ತದೆ.

ಬಟ್ಟೆ ವ್ಯಾಪಾರದ ಲೆಕ್ಕದಲ್ಲಿ ಇವೆರಡೂ ಒಂದೇ ಕುಲ: ಡಬಲ್ ಜರ್ಸಿ. ಈ ಕುಲದಲ್ಲಿ ಹೆಸರುಗಳಿಗೆ ಬರವಿಲ್ಲ. ರಿಬ್, ಇಂಟರ್‌ಲಾಕ್, ಎಯ್ಟ್‌ಲಾಕ್, ಮಿಲಾನೊ ರಿಬ್, ಪಾಂಟೆ ರೋಮಾ, ಸ್ವಿಸ್ ಪಿಕೆ, ಫ್ರೆಂಚ್ ಪಿಕೆ, ಕಾರ್ಡಿಗನ್, ಹಾಫ್ ಕಾರ್ಡಿಗನ್, ಟೆಕ್ಸಿಪಿಕೆ. ಕೇಳುತ್ತ ಹೋದರೆ ಯುರೋಪಿನ ರೈಲ್ವೆ ವೇಳಾಪಟ್ಟಿ ಓದಿದ ಹಾಗಾಗುತ್ತದೆ. ಜವಳಿ ಪಠ್ಯಪುಸ್ತಕಗಳು ಇವನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದಕ್ಕೂ ಚುಕ್ಕಿ–ಗೆರೆಯ ನಕ್ಷೆ ಹಾಕಿ, ವಿದ್ಯಾರ್ಥಿಗಳನ್ನು ಬಾಯಿಪಾಠಕ್ಕೆ ಕೂರಿಸುತ್ತವೆ. ನನಗೆ ಆ ಕ್ರಮ ಯಾವತ್ತೂ ಹಿಡಿಸಿಲ್ಲ. ಈ ಬಟ್ಟೆಗಳ ವಂಶವೃಕ್ಷದ ಬೇರು ಯಂತ್ರದೊಳಗೆ ಒಂದೇ ಜಾಗದಲ್ಲಿದೆ: ಎರಡು ಸಾಲು ಸೂಜಿಗಳು ಒಂದನ್ನೊಂದು ಹೇಗೆ ಎದುರಿಸಿ ನಿಂತಿವೆ ಎಂಬಲ್ಲಿ. ಅಲ್ಲಿಂದ ಹೊರಟರೆ ಹೆಸರುಗಳು ತಾವಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಮೊದಲು ಸಿಂಗಲ್ ಜರ್ಸಿಯನ್ನು ನೋಡೋಣ. ದಿನಾ ಹಾಕುವ ಟೀ ಶರ್ಟು ಅದೇ. ಹೊರಮುಖದಲ್ಲಿ ಸಣ್ಣ ಸಣ್ಣ ಬಾಣದ ಮೊನೆಗಳ ಕಂಬಸಾಲು, ಒಳಮುಖದಲ್ಲಿ ಅರ್ಧಚಂದ್ರಗಳ ಅಡ್ಡಸಾಲು. ಅಂಚು ಕತ್ತರಿಸಿದರೆ ಬಟ್ಟೆ ಹಪ್ಪಳ ಕರಿದಂತೆ ಸುರುಳಿ ಸುತ್ತುತ್ತದೆ. ಕುಣಿಕೆಗಳೆಲ್ಲ ಒಂದೇ ಕಡೆಗೆ ಮುಖ ಮಾಡಿರುವುದರಿಂದ ಬಟ್ಟೆಯ ಎರಡು ಬದಿಯ ಬಿಗಿತ ಸರಿದೂಗುವುದಿಲ್ಲ, ಅದಕ್ಕೇ ಆ ಸುರುಳಿ. ಕಡ್ಡಿ ಹಿಡಿದು ಸ್ವೆಟರ್ ಹೆಣೆಯುವ ಹೆಂಗಸರಿಗೆ ಇದು ಗೊತ್ತಿರುವ ಸಂಗತಿ. ಅಂಚು ಸುರುಳಿ ಸುತ್ತದಿರಲಿ ಎಂದೇ ಅವರು ಮೊದಲ ನಾಲ್ಕು ಬೆರಳಿನಷ್ಟು ಭಾಗವನ್ನು ಒಂದು ಸೀದಾ ಒಂದು ಉಲ್ಟಾ ಹಾಕಿ ಹೆಣೆಯುತ್ತಾರೆ. ಒಂದು ಕುಣಿಕೆ ಇತ್ತ ನೋಡಿದರೆ ಪಕ್ಕದ್ದು ಅತ್ತ ನೋಡುತ್ತದೆ. ಜಗಳ ತೀರಿತು, ಬಟ್ಟೆ ಚಪ್ಪಟೆಯಾಗಿ ಮಲಗಿತು.

ಕೈಗೆ ಇದು ಸುಲಭ, ಯಂತ್ರಕ್ಕೆ ಅಲ್ಲ. ಯಂತ್ರದ ಸೂಜಿ ಕುಣಿಕೆಯನ್ನು ಒಂದೇ ದಿಕ್ಕಿಗೆ ಎಳೆಯಬಲ್ಲದು. ಒಂದೇ ಸಾಲಿನಲ್ಲಿ ಸೀದಾ ಉಲ್ಟಾ ಎರಡೂ ಬೇಕೆಂದರೆ ಎದುರಿನಿಂದ ಎಳೆಯುವ ಇನ್ನೊಂದು ಸಾಲು ಸೂಜಿ ಬೇಕು. ಇಂದಿನ ವೃತ್ತಾಕಾರದ ಯಂತ್ರದಲ್ಲಿ ಮೊದಲ ಸಾಲು ಸಿಲಿಂಡರಿನ ಮೈಗೆ ಕೊರೆದ ತೋಡುಗಳಲ್ಲಿ ನಿಂತಿರುತ್ತದೆ. ಎರಡನೆಯದು ಅದರ ಬಾಯಿಯ ಮೇಲೆ ಹಂಚು ಮುಚ್ಚಿದಂತೆ ಕೂತಿರುವ ಡಯಲ್‌ನಲ್ಲಿ, ಚಕ್ರದ ಅರಗಳ ಹಾಗೆ ಹೊರಮುಖವಾಗಿ ಮಲಗಿರುತ್ತದೆ. ನಿಂತ ಸೂಜಿಗಳು ಒಂದು ಮುಖ ಹೆಣೆಯುತ್ತವೆ, ಮಲಗಿದವು ಇನ್ನೊಂದು ಮುಖ. ನಡುವಿನ ಕಿರಿದಾದ ಸಂದಿಯಿಂದ ಎರಡು ಮುಖದ ಬಟ್ಟೆ ಕೊಳವೆಯಾಗಿ ಕೆಳಗಿಳಿಯುತ್ತದೆ. ಸೂಜಿಗಳು ಎಷ್ಟು ಒತ್ತಾಗಿವೆ ಎಂಬುದು ಗೇಜ್, ಅಂದರೆ ಇಂಚಿಗೆ ಎಷ್ಟು ಸೂಜಿ ಎಂಬ ಲೆಕ್ಕ. 30 ಇಂಚು ವ್ಯಾಸದ 24 ಗೇಜಿನ ಯಂತ್ರದ ಸುತ್ತಳತೆ 94 ಇಂಚಿನಷ್ಟು. ಒಂದು ಸಾಲಿಗೆ ಸುಮಾರು 2260 ಸೂಜಿ, ಎರಡೂ ಸೇರಿ ನಾಲ್ಕೂವರೆ ಸಾವಿರ. ಒಂದೊಂದಕ್ಕೂ ಕೊಕ್ಕೆ, ಕೊಕ್ಕೆಗೆ ಪುಟ್ಟ ಕದ. ಆ ಕದದಿಂದಲೇ ಅದಕ್ಕೆ ಲ್ಯಾಚ್ ಸೂಜಿ ಎಂಬ ಹೆಸರು. 1840ರ ದಶಕದ ಕೊನೆಯಲ್ಲಿ ಅದನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಲೆಸ್ಟರ್‌ನ ಮ್ಯಾಥ್ಯೂ ಟೌನ್ಸೆಂಡ್.

ಈಗ ನಿಮ್ಮ ಎರಡು ಕೈ ಎತ್ತಿ. ಬೆರಳ ತುದಿಗೆ ಬೆರಳ ತುದಿ ತಾಗುವಂತೆ ಎದುರುಬದುರು ಹಿಡಿಯಿರಿ. ಅದು ಇಂಟರ್‌ಲಾಕ್. ಬಲಗೈಯನ್ನು ಅರ್ಧ ಬೆರಳಿನಷ್ಟು ಸರಿಸಿ, ಒಂದು ಕೈಯ ಬೆರಳು ಇನ್ನೊಂದರ ಸಂದಿಗೆ ಬರುವ ಹಾಗೆ ಮಾಡಿ. ಅದು ರಿಬ್. ಹೆಣಿಗೆಯವರು ಇದನ್ನು ಗೇಟಿಂಗ್ ಎನ್ನುತ್ತಾರೆ. ಈ ಅರ್ಧ ಸೂಜಿಯ ಸರಿತದಿಂದ ಬಟ್ಟೆಯ ತೂಕ, ಹಿಗ್ಗು, ಅಗಲ, ಬೆಲೆ, ಕೊನೆಗೆ ಯಂತ್ರದ ಒಳಗಿನ ರಚನೆಯೂ ಬದಲಾಗುತ್ತದೆ.

ರಿಬ್ಬಿನಲ್ಲಿ ಸೂಜಿಗಳು ಪರಸ್ಪರ ಸಂದಿಗೆ ಬರುವುದರಿಂದ ಎಲ್ಲವೂ ಒಟ್ಟಿಗೆ ಮುಂದೆ ಬರಬಹುದು, ಯಾವುದೂ ಯಾವುದಕ್ಕೂ ಢಿಕ್ಕಿ ಹೊಡೆಯುವುದಿಲ್ಲ. ಒಂದೇ ಎಳೆ ನೂಲು ನಿಂತ ಸೂಜಿಗೊಂದು ಕುಣಿಕೆ, ಮಲಗಿದ ಸೂಜಿಗೊಂದು ಕುಣಿಕೆ ಎಂದು ಅಂಕುಡೊಂಕಾಗಿ ಹೋಗುತ್ತದೆ. ಯಂತ್ರದಿಂದ ಇಳಿದ ಕೂಡಲೇ ಎರಡು ಮುಖದ ಕಂಬಸಾಲುಗಳು ಒಂದರ ಹಿಂದೊಂದು ಸೇರಿಕೊಂಡು ಬಟ್ಟೆ ಮುದುಡುತ್ತದೆ. ಒಂದು ಸೀದಾ ಒಂದು ಉಲ್ಟಾ ಇರುವ ಈ ಒಂದಕ್ಕೊಂದು ರಿಬ್ ಕಾಗದದ ಲೆಕ್ಕದಲ್ಲಿ ಸಿಂಗಲ್ ಜರ್ಸಿಯ ಅರ್ಧ ಅಗಲ, ಎರಡು ಪಟ್ಟು ದಪ್ಪ ಇರಬೇಕು. ವಾಸ್ತವದಲ್ಲಿ ಹೆಣೆದ ಅಗಲಕ್ಕಿಂತ ಶೇಕಡಾ 30ರಷ್ಟು ಕುಗ್ಗುತ್ತದೆ. ಕುಗ್ಗಿದ್ದೆಲ್ಲ ಕಳೆದುಹೋದದ್ದಲ್ಲ, ಸ್ಪ್ರಿಂಗಿನ ಹಾಗೆ ಒಳಗೆ ಕೂಡಿಟ್ಟದ್ದು. ಮಂಕಿ ಟೋಪಿಯ ಅಪ್ಪುಗೆ, ಬನಿಯನ್ನಿನ ಕೊರಳಪಟ್ಟಿ, ಜಾಕೆಟಿನ ಮಣಿಕಟ್ಟು ಎಲ್ಲ ನಡೆಯುವುದು ಆ ಉಳಿತಾಯದ ಮೇಲೆ.

ಚರಿತ್ರೆಯಲ್ಲಿ ರಿಬ್ ಹಿರಿಯಣ್ಣ. ನಾಟಿಂಗ್‌ಹ್ಯಾಮ್ ಬಳಿಯ ಕ್ಯಾಲ್ವರ್ಟನ್‌ನಲ್ಲಿ ವಿಲಿಯಂ ಲೀ ಕಾಲ್ಚೀಲದ ಮಗ್ಗ ಕಟ್ಟಿದ್ದು 1589ರಲ್ಲಿ. ಅದರಲ್ಲಿ ಇದ್ದದ್ದು ಒಂದೇ ಸಾಲು ಸೂಜಿ, ಆದ್ದರಿಂದ ಬರುತ್ತಿದ್ದದ್ದು ಸಿಂಗಲ್ ಜರ್ಸಿ ಮಾತ್ರ. ಎರಡನೇ ಸಾಲನ್ನು ಅದಕ್ಕೆ ತಗುಲಿಸಲು ಸರಿಸುಮಾರು 170 ವರ್ಷ ಬೇಕಾಯಿತು. ಡರ್ಬಿಯ ಜೆಡಿಡಯಾ ಸ್ಟ್ರಟ್ ಭಾವಮೈದ ವಿಲಿಯಂ ವುಲ್ಲಟ್ ಜೊತೆಗೂಡಿ 1758 ಮತ್ತು 1759ರಲ್ಲಿ ಪೇಟೆಂಟ್ ಪಡೆದ ಜೋಡಣೆ ಅದು. ಆರು ಸೀದಾ ಮೂರು ಉಲ್ಟಾ ಇರುವ ಕಾಲ್ಚೀಲದ ಬಟ್ಟೆಯನ್ನು ಇವತ್ತಿಗೂ ಡರ್ಬಿ ರಿಬ್ ಎಂದೇ ಕರೆಯುತ್ತಾರೆ. ಆ ಪೇಟೆಂಟಿನಿಂದ ಬಂದ ದುಡ್ಡಿನ ಬಲದಿಂದ ಸ್ಟ್ರಟ್ ಮುಂದೆ ರಿಚರ್ಡ್ ಆರ್ಕ್‌ರೈಟ್‌ನ ನೂಲುವ ಗಿರಣಿಗಳಿಗೆ ಪಾಲುದಾರನಾದ. ಕೈಗಾರಿಕಾ ಕ್ರಾಂತಿಯ ಕಥೆ ಹೇಳುವವರು ಆರ್ಕ್‌ರೈಟ್‌ನಿಂದ ಶುರುಮಾಡುತ್ತಾರೆ. ಅವನ ಬಂಡವಾಳದ ಒಂದು ಪಾಲು ಉಲ್ಟಾ ಕುಣಿಕೆಯಿಂದ ಬಂದದ್ದೆಂಬುದು ಅಡಿಟಿಪ್ಪಣಿಯಲ್ಲೇ ಉಳಿದುಬಿಡುತ್ತದೆ.

ರಿಬ್ಬಿನ ಕುಡಿಗಳಲ್ಲಿ ದಷ್ಟಪುಷ್ಟವಾದವು ಕಾರ್ಡಿಗನ್ ಜೋಡಿ. ಇಲ್ಲಿ ಟಕ್ ಎಂಬ ಉಪಾಯ ಬರುತ್ತದೆ. ಸೂಜಿ ಹೊಸ ನೂಲನ್ನು ಹಿಡಿಯುತ್ತದೆ, ಆದರೆ ಹಳೆಯ ಕುಣಿಕೆಯನ್ನು ಬಿಡುವುದಿಲ್ಲ. ಎರಡನ್ನೂ ಬಾಯಲ್ಲಿ ಇಟ್ಟುಕೊಂಡು ಮುಂದಿನ ಸುತ್ತಿಗೆ ಒಟ್ಟಿಗೆ ಉಗುಳುತ್ತದೆ. ಹೀಗೆ ತುರುಕಿದ ನೂಲು ಪಕ್ಕದ ಕಂಬಸಾಲುಗಳನ್ನು ದೂರ ತಳ್ಳುತ್ತದೆ, ಬಟ್ಟೆ ಅಗಲವಾಗಿ ಉಬ್ಬುತ್ತದೆ. ಇದಕ್ಕೆ ವಿರುದ್ಧದ್ದು ಮಿಸ್: ಸೂಜಿ ಎದ್ದೇಳುವುದೇ ಇಲ್ಲ, ನೂಲು ಹಿಂದಿನಿಂದ ನೇರ ಹಾದುಹೋಗುತ್ತದೆ, ಬಟ್ಟೆ ಕಿರಿದಾಗಿ ಬಿಗಿಯುತ್ತದೆ. ಟಕ್ ಅಗಲಿಸುತ್ತದೆ, ಮಿಸ್ ಬಿಗಿಯುತ್ತದೆ. ಡಬಲ್ ಜರ್ಸಿಯ ಅರ್ಧ ವ್ಯಾಕರಣ ಈ ಎರಡು ವಾಕ್ಯದಲ್ಲಿ ಮುಗಿಯಿತು. ಒಂದು ಮುಖದಲ್ಲಿ ಮಾತ್ರ ಸಾಲು ಬಿಟ್ಟು ಸಾಲು ಟಕ್ ಮಾಡಿದರೆ ಹಾಫ್ ಕಾರ್ಡಿಗನ್. ಎರಡು ಮುಖಗಳೂ ಸರದಿಯ ಮೇಲೆ ಟಕ್ ಮಾಡಿದರೆ ಫುಲ್ ಕಾರ್ಡಿಗನ್. ಎರಡೂ ಚಳಿಗಾಲದ ಭಾರದ ಬಟ್ಟೆಗಳು. ಇವುಗಳ ಸಹಜ ಮನೆ ಚಪ್ಪಟೆ ಹೆಣಿಗೆ ಯಂತ್ರ. ಅಮೆರಿಕದ ಐಸಾಕ್ ಲ್ಯಾಂಬ್ 1863ರಲ್ಲಿ ಪೇಟೆಂಟ್ ಮಾಡಿಸಿದ, ಮನೆಯ ಮಾಡಿನಂತೆ ಇಳಿಜಾರಾದ ಎರಡು ಸೂಜಿಹಾಸಿನ ಯಂತ್ರ ಅದು. ಲುಧಿಯಾನದ ಸ್ವೆಟರ್ ಉದ್ಯಮ ಬೆಳೆದದ್ದು ಅದರ ಕೈಚಾಲಿತ ಸಂತಾನದ ಮೇಲೆ. ಜರ್ಮನಿಯ ಸ್ಟೋಲ್, ಜಪಾನಿನ ಶಿಮಾ ಸೈಕಿ ಕಂಪನಿಗಳ ಕಂಪ್ಯೂಟರ್ ಯಂತ್ರಗಳೂ ಮೂಲದಲ್ಲಿ ಅದೇ ಮಾಡಿನ ಕೆಳಗಿನವು.

ಇಂಟರ್‌ಲಾಕಿಗೆ ಬರೋಣ. ತುದಿಗೆ ತುದಿ ತಾಗುವ ಬೆರಳುಗಳನ್ನು ಮತ್ತೆ ನೆನಪಿಸಿಕೊಳ್ಳಿ. ಎದುರುಬದುರಾದ ಎರಡು ಸೂಜಿ ಒಂದೇ ಕ್ಷಣಕ್ಕೆ ಮುಂದೆ ನುಗ್ಗಿದರೆ ಕೊಕ್ಕೆಗೆ ಕೊಕ್ಕೆ ಬಡಿದು ಎರಡೂ ಮುರಿಯುತ್ತವೆ. ಆದ್ದರಿಂದ ಇಲ್ಲಿ ಸೂಜಿಗಳಲ್ಲಿ ಉದ್ದ, ಗಿಡ್ಡ ಎಂಬ ಎರಡು ಬಗೆ. ಸಿಲಿಂಡರಿನ ಉದ್ದ ಸೂಜಿಯ ಎದುರು ಡಯಲ್‌ನಲ್ಲಿ ಗಿಡ್ಡದು, ಗಿಡ್ಡದರ ಎದುರು ಉದ್ದದು. ಮೊದಲ ಫೀಡರಿನಲ್ಲಿ, ಅಂದರೆ ಸೂಜಿಗಳಿಗೆ ನೂಲು ಉಣಿಸುವ ಮೊದಲ ಜಾಗದಲ್ಲಿ, ಎರಡೂ ಕಡೆಯ ಉದ್ದ ಸೂಜಿಗಳು ಮಾತ್ರ ಹೆಣೆಯುತ್ತವೆ, ಎರಡನೆಯದರಲ್ಲಿ ಗಿಡ್ಡವು ಮಾತ್ರ. ಬರುವುದು ಒಂದು ಬಟ್ಟೆಯಲ್ಲ. ಒಂದರ ಸಂದಿಯಲ್ಲಿ ಇನ್ನೊಂದು ಹಾದು ಬೀಗ ಹಾಕಿಕೊಂಡ ಎರಡು ರಿಬ್ಬುಗಳು. ಅಮೆರಿಕದ ಸ್ಕಾಟ್ ಅಂಡ್ ವಿಲಿಯಮ್ಸ್ ಕಂಪನಿ ಇದಕ್ಕೆ ಪೇಟೆಂಟ್ ತೆಗೆದದ್ದು 1908ರಲ್ಲಿ. ಆದರೆ ಬಟ್ಟೆ ಕೂಡಲೇ ಮನೆಮಾತಾಗಲಿಲ್ಲ. ಸೂಜಿ ದುಬಾರಿ, 20 ಗೇಜಿಗೆ ಹೊಂದುವ ಸಣ್ಣ, ಮೆತುವಾದ ಹತ್ತಿ ನೂಲು ಸಿಗಲು 1920ರ ದಶಕದ ನಡುಭಾಗ ಬರಬೇಕಾಯಿತು. ಸೂಜಿಗಳನ್ನು ಏರಿಳಿಸುವ ಕ್ಯಾಮ್ ಪೆಟ್ಟಿಗೆ ಅಲುಗದೆ ಸಿಲಿಂಡರೇ ತಿರುಗುವ ಮೊದಲ ಇಂಟರ್‌ಲಾಕ್ ಯಂತ್ರ ಬಂದದ್ದು 1930ರಲ್ಲಿ. ಯಂತ್ರವೊಂದಿದ್ದರೆ ಸಾಲದು, ಅದಕ್ಕೆ ತಕ್ಕ ನೂಲೂ ಹುಟ್ಟಬೇಕು.

ಎರಡು ರಿಬ್ಬುಗಳ ಮುಖಗಳು ಒಂದರ ಬೆನ್ನಿಗೊಂದು ನೇರವಾಗಿ ನಿಂತಿರುವುದರಿಂದ ಇಂಟರ್‌ಲಾಕಿನಲ್ಲಿ ಉಲ್ಟಾ ಕುಣಿಕೆ ಕಾಣುವುದೇ ಇಲ್ಲ. ಎಳೆದು ಹಿಗ್ಗಿಸಿದರೂ ಇಣುಕುವುದಿಲ್ಲ. ಒಂದು ರಿಬ್ ಹಿಗ್ಗಲು ಹೊರಟರೆ ಇನ್ನೊಂದು ತಡೆಯುತ್ತದೆ, ಅದಕ್ಕೇ ಕುಲಾವಿಯ ಆ ಬಿಗುಮಾನ. ಒಗೆದ ಮೇಲೆ ಟೀ ಶರ್ಟಿನ ಹೊಲಿಗೆ ಹೊಟ್ಟೆಯ ಕಡೆಗೆ ತಿರುಚಿಕೊಳ್ಳುವ ರೋಗ ಇದಕ್ಕಿಲ್ಲ. ಅಂಚು ಸುರುಳಿ ಸುತ್ತುವುದಿಲ್ಲ, ಕೊನೆಗೆ ಹೆಣೆದ ತುದಿಯಿಂದಲ್ಲದೆ ಬೇರೆಡೆಯಿಂದ ಬಿಚ್ಚಿಕೊಳ್ಳುವುದಿಲ್ಲ. ಆದರೆ ನೂಲು ನುಂಗುತ್ತದೆ. 94 ಇಂಚು ಸುತ್ತಳತೆಯಲ್ಲಿ ಹೆಣೆದದ್ದು ಮುಗಿಸಿ ಇಸ್ತ್ರಿಯಾಗುವಾಗ 60ರಿಂದ 66 ಇಂಚಿಗೆ ಇಳಿದಿರುತ್ತದೆ. ಎರಡೆರಡು ಕಂಬಸಾಲುಗಳನ್ನು ಜೊತೆ ಮಾಡಿ ಹೀಗೆಯೇ ಬೀಗ ಹಾಕಿದರೆ ಅದು ಎಯ್ಟ್‌ಲಾಕ್. ಇಂಟರ್‌ಲಾಕಿಗಿಂತ ಒಂದಿಷ್ಟು ಮೆತ್ತಗೆ, ಹೆಚ್ಚು ಹಿಗ್ಗು, ಸಣ್ಣ ಚೌಕಳಿ ವಿನ್ಯಾಸಕ್ಕೂ ಅವಕಾಶ. ಒಳ್ಳೆಯ ಬಟ್ಟೆ; ಯಾಕೋ ಅಪರೂಪ.

ಇನ್ನು ತಲೆಬರಹದ ವಿಷಯ. ಮಿಲಾನೊ ರಿಬ್ ಹೆಣೆಯಲು ಮೂರು ಫೀಡರ್ ಸಾಕು. ಮೊದಲನೆಯದು ಎರಡೂ ಸಾಲು ಸೂಜಿಗಳ ಮೇಲೆ ಪೂರ್ಣ ರಿಬ್. ಎರಡನೆಯದು ಸಿಲಿಂಡರಿನ ಮೇಲೆ ಮಾತ್ರ, ಮೂರನೆಯದು ಡಯಲ್ ಮೇಲೆ ಮಾತ್ರ. ಕೊನೆಯ ಎರಡು ಸಾಲುಗಳು ಒಂದಕ್ಕೊಂದು ಅಂಟದೆ ನಡುವೆ ಒಂದು ಪುಟ್ಟ ಸುರಂಗ ಬಿಡುತ್ತವೆ. ಪಾಂಟೆ ರೋಮಾಕ್ಕೆ ನಾಲ್ಕು ಫೀಡರ್: ಮೊದಲೆರಡು ಇಂಟರ್‌ಲಾಕ್, ಆಮೇಲೆ ಸಿಲಿಂಡರಿನ ಮೇಲೊಂದು, ಡಯಲ್ ಮೇಲೊಂದು. ಅದೇ ಸುರಂಗ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗುಟ್ಟು ತಿಳಿಯುತ್ತದೆ: ಒಂದು ರಿಬ್ಬಿಗೆ ಸುರಂಗ ಸೇರಿದ್ದು, ಇನ್ನೊಂದು ಇಂಟರ್‌ಲಾಕಿಗೆ ಸುರಂಗ ಸೇರಿದ್ದು. ಭೂಪಟದಲ್ಲಿ ಮಿಲಾನ್‌ಗೂ ರೋಮ್‌ಗೂ ನೂರಾರು ಕಿಲೋಮೀಟರ್. ಹೆಣಿಗೆ ಯಂತ್ರದಲ್ಲಿ ಅರ್ಧ ಸೂಜಿ.

ಆ ಸುರಂಗದ ಸಾಲುಗಳೇ ಬಟ್ಟೆಗೆ ಮೈಕಟ್ಟು ಕೊಡುತ್ತವೆ. ರಿಬ್ಬಿನ ಅಂಕುಡೊಂಕು ನೂಲು ಹಿಗ್ಗಲು ಸದಾ ಸಿದ್ಧ. ನಡುನಡುವೆ ನೆಟ್ಟಗಿನ ಸಾಲು ಬಂದರೆ ಅದಕ್ಕೆ ಲಗಾಮು ಬೀಳುತ್ತದೆ. ಹೆಣಿಗೆ ಬಟ್ಟೆಯಾಗಿದ್ದೂ ನೇಯ್ದ ಬಟ್ಟೆಯ ಗಾಂಭೀರ್ಯ ಇದಕ್ಕಿದೆ. ಪ್ಯಾಂಟು, ಬ್ಲೇಜರು, ಆಫೀಸಿನ ಸ್ಕರ್ಟು ಹೊಲಿಯಬಹುದು, ಮಂಡಿ ಜೋಲುವುದು ಕಡಿಮೆ. ವಿಸ್ಕೋಸ್, ನೈಲಾನ್, ಸ್ವಲ್ಪ ಸ್ಪ್ಯಾಂಡೆಕ್ಸ್ ಸೇರಿಸಿದ ಪಾಂಟೆ ಇವತ್ತು ಹೆಂಗಸರ ಉಡುಪಿನ ದೊಡ್ಡ ಆಸರೆ; ಚದರ ಮೀಟರಿಗೆ 250ರಿಂದ 350 ಗ್ರಾಂ ತೂಗುತ್ತದೆ. ಹೆಸರಿನ ಬಗ್ಗೆ ಒಂದು ಮಾತು. ಇಟಾಲಿಯನ್‌ನಲ್ಲಿ ಪುಂಟೊ ಎಂದರೆ ಹೊಲಿಗೆ, ಹೆಣಿಗೆಯ ಕುಣಿಕೆ. ಪಾಂಟೆ ಎಂದರೆ ಸೇತುವೆ. ಹಳೆಯ ತಾಂತ್ರಿಕ ಪುಸ್ತಕಗಳಲ್ಲಿ ಇದು ಪುಂಟೊ ದಿ ರೋಮಾ. ಮಾರುಕಟ್ಟೆಯ ಬಾಯಿಯಲ್ಲಿ ಕುಣಿಕೆ ಹೋಗಿ ಸೇತುವೆ ಬಂತು, ಈಗ ಎಲ್ಲರೂ ರೋಮ್‌ನ ಸೇತುವೆಯನ್ನೇ ಉಟ್ಟುಕೊಳ್ಳುತ್ತಿದ್ದಾರೆ.

ಹೆಸರಿನ ಗೊಂದಲದಲ್ಲಿ ಪಿಕೆಯನ್ನು ಮೀರಿಸುವುದು ಕಷ್ಟ. ಕಾಲರ್ ಇರುವ ಪೋಲೊ ಟೀ ಶರ್ಟಿನ ಜೇನುಗೂಡಿನಂಥ ಬಟ್ಟೆಯನ್ನು ಅಂಗಡಿಯವರು ಪಿಕೆ ಎನ್ನುತ್ತಾರೆ. ಟೆನಿಸ್ ಆಟಗಾರ ರೆನೆ ಲಾಕೋಸ್ಟ್ ಪ್ರಸಿದ್ಧಿಗೆ ತಂದ ಬಟ್ಟೆ ಅದು. ಒಂದೇ ಸಾಲು ಸೂಜಿಯ ಮೇಲೆ ಟಕ್ ಮಾಡಿ ಹೆಣೆದ ಅಪ್ಪಟ ಸಿಂಗಲ್ ಜರ್ಸಿ. ಡಬಲ್ ಪಿಕೆ ಬೇರೆಯೇ ಪ್ರಾಣಿ. ರಿಬ್ ಗೇಟಿಂಗ್‌ನಲ್ಲಿ ನಾಲ್ಕು ಫೀಡರ್. ಡಯಲ್‌ನ ಸೂಜಿಗಳು ಒಂದು ಬಿಟ್ಟು ಒಂದು ಕೆಲಸ ಮಾಡುತ್ತವೆ, ಅಲ್ಲಿ ಟಕ್ ಇಲ್ಲ, ಮಿಸ್ ಇದೆ. ಅದೇ ಚಲನೆಗಳ ಕ್ರಮ ಬದಲಿಸಿದರೆ ಸ್ವಿಸ್ ಹೋಗಿ ಫ್ರೆಂಚ್ ಆಗುತ್ತದೆ. ಸ್ವಿಸ್ ಬಿಗಿ, ಗಟ್ಟಿ, ಕಿರಿದು; ಫ್ರೆಂಚ್ ಸಡಿಲ, ಅಗಲ, ಒರಟು. ಇಂಟರ್‌ಲಾಕ್ ಗೇಟಿಂಗ್‌ನಲ್ಲಿ ಟಕ್ ಸೇರಿಸಿದ ಕ್ರಾಸ್ ಟಕ್, ಟೆಕ್ಸಿಪಿಕೆಯಂಥ ಇನ್ನೂ ಹತ್ತಾರಿವೆ. ಅವುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಗೇಟಿಂಗ್ ಯಾವುದು, ಟಕ್ಕೋ ಮಿಸ್ಸೋ, ಎಷ್ಟು ಫೀಡರಿಗೊಮ್ಮೆ ಮರುಕಳಿಸುತ್ತದೆ ಎಂದು ಮೂರು ಪ್ರಶ್ನೆ ಕೇಳಿದರೆ ಬಟ್ಟೆ ತನ್ನ ಜಾತಕ ತಾನೇ ಹೇಳುತ್ತದೆ.

ಇವೆಲ್ಲಕ್ಕೂ ಒಂದು ಸುವರ್ಣಕಾಲವಿತ್ತು. 1960ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯ ಕ್ರಿಂಪ್ಲೀನ್ ಎಂಬ ಸುಕ್ಕುಗಟ್ಟಿಸಿದ ಪಾಲಿಯೆಸ್ಟರ್ ನೂಲು ಮಾರುಕಟ್ಟೆಯನ್ನು ತುಂಬಿತು. ಕಂಪನಿಯ ಹ್ಯಾರೊಗೇಟ್ ಪ್ರಯೋಗಾಲಯದ ಬಳಿಯ ಕ್ರಿಂಪಲ್ ಕಣಿವೆಯ ಹೆಸರು ಅದು. ಡಬಲ್ ಜರ್ಸಿಯ ರಚನೆಗೂ ಈ ನೂಲಿಗೂ ಹೇಳಿ ಮಾಡಿಸಿದ ಜೋಡಿ: ಒಗೆದು ಒಣಹಾಕಿ ತೊಟ್ಟರಾಯಿತು, ಇಸ್ತ್ರಿ ಬೇಡ, ಬಣ್ಣ ಮಾಸದು, ಸುಕ್ಕು ಬೀಳದು. ಲೆಸ್ಟರ್‌ನ ಹೆಣಿಗೆ ಉದ್ಯಮ ಯಂತ್ರದ ಮೇಲೆ ಯಂತ್ರ ತಂದು ನಿಲ್ಲಿಸಿತು. ಅಮೆರಿಕದಲ್ಲಿ ಇದೇ ಬಟ್ಟೆ ಡಬಲ್ ನಿಟ್ ಎಂಬ ಹೆಸರಿನಲ್ಲಿ ಗಂಡಸರ ಸೂಟುಗಳಿಗೆ ನುಗ್ಗಿತು. 1970ರ ದಶಕದ ನಡುವಿಗೆ ಗುಳ್ಳೆ ಒಡೆಯಿತು. ಮೊಳೆಗೋ ಬಳೆಗೋ ತಗುಲಿದರೆ ಎಳೆ ಕಿತ್ತುಬರುವುದು, ಸೆಕೆಗೆ ಮೈಗಂಟುವುದು, ಎಲ್ಲಿ ನೋಡಿದರೂ ಅದೇ ಕಾಣುವುದು, ಇದರ ಮೇಲೆ 1973ರ ತೈಲ ಬಿಕ್ಕಟ್ಟು, ಅಳತೆ ಮೀರಿ ಕೊಂಡ ಯಂತ್ರಗಳು, ಪಕ್ಕದಲ್ಲಿ ಬೆಳೆಯುತ್ತಿದ್ದ ಡೆನಿಮ್. ಒಂದು ತಲೆಮಾರಿಗೆ ಡಬಲ್ ನಿಟ್ ಎಂಬ ಪದವೇ ನಗೆಪಾಟಲಾಯಿತು. ತಪ್ಪು ನೂಲಿನದು, ಅಪವಾದ ಹೊತ್ತದ್ದು ರಚನೆ. ಅದೇ ಪಾಂಟೆಯನ್ನು ವಿಸ್ಕೋಸಿನಲ್ಲಿ ಹೆಣೆದು ಈಗ ಮಾರುತ್ತಿದ್ದಾರಲ್ಲ!

ಯಂತ್ರಗಳನ್ನು ಹೋಲಿಸುವಾಗ ಕೊಳ್ಳುವವರು ಮೊದಲು ಕೇಳುವುದು ಗಂಟೆಗೆ ಎಷ್ಟು ಕಿಲೋ ಎಂದು. ಅದಕ್ಕಿಂತ ಮೊದಲು ಮಾಡಬೇಕಾದ ಒಂದು ಲೆಕ್ಕವಿದೆ. 96 ಫೀಡರಿನ ಒಂದು ಯಂತ್ರವನ್ನು ಕಲ್ಪಿಸಿಕೊಳ್ಳಿ. ಸಿಂಗಲ್ ಜರ್ಸಿ ಹೆಣೆದರೆ ಸಿಲಿಂಡರ್ ಒಂದು ಸುತ್ತು ಬರುವಷ್ಟರಲ್ಲಿ 96 ಸಾಲು. ಇಂಟರ್‌ಲಾಕಾದರೆ ಒಂದು ಸಾಲಿಗೆ ಎರಡು ಫೀಡರ್ ಬೇಕಾದ್ದರಿಂದ 48. ಪಾಂಟೆ ರೋಮಾದಲ್ಲಿ ನಾಲ್ಕು ಫೀಡರಿಗೆ ಮುಖದ ಮೇಲೆ ಎರಡು ಸಾಲು, ಅಂದರೆ ಅದೂ 48. ಮಿಲಾನೊದಲ್ಲಿ ಮೂರಕ್ಕೆ ಎರಡು, ಅಂದರೆ 64. ಜಕಾರ್ಡ್ ಎಂಬ ಚಿತ್ರವಿನ್ಯಾಸವನ್ನು ಮೂರು ಬಣ್ಣದಲ್ಲಿ ಹಾಕಿದರೆ ಮುಖದ ಒಂದು ಸಾಲು ತುಂಬಲು ಮೂರು ಫೀಡರ್, 32ಕ್ಕೆ ಇಳಿಯಿತು. ಯಂತ್ರ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ, ಬಟ್ಟೆಯ ಸುರುಳಿ ಮಾತ್ರ ಬೇರೆ ಬೇರೆ ವೇಗದಲ್ಲಿ ಬೆಳೆಯುತ್ತದೆ. ಒಂದು ಸಾಲಿಗೆ ಒಂದೇ ಫೀಡರ್ ಸಾಕಾಗುವ ರಿಬ್ಬಿಗೆ ಇಲ್ಲಿ ಅನುಕೂಲ ಇದೆ ಅನಿಸಬಹುದು. ಆದರೆ ರಿಬ್ ಯಂತ್ರಗಳಲ್ಲಿ ಫೀಡರುಗಳೇ ಸಾಮಾನ್ಯವಾಗಿ ಕಡಿಮೆ, ಗೇಜೂ ಒರಟು. 16, 18 ಗೇಜಿನ ರಿಬ್ ಯಂತ್ರದ ಪಕ್ಕದಲ್ಲಿ 24, 28 ಗೇಜಿನ ಇಂಟರ್‌ಲಾಕ್ ಯಂತ್ರ ನಿಂತಿರುವುದು ಹೆಣಿಗೆ ಕಾರ್ಖಾನೆಗಳಲ್ಲಿ ಸಾಮಾನ್ಯ ನೋಟ.

ಕ್ಯಾಮ್‌ಗಳದ್ದು ಇನ್ನೊಂದು ಕಥೆ. ಸೂಜಿ ತಾನಾಗಿ ಏಳುವುದಿಲ್ಲ. ಅದರ ಬುಡದ ಗೊಣಸು ಕ್ಯಾಮ್ ಎಂಬ ಏರಿಳಿತದ ಕಾಲುವೆಯಲ್ಲಿ ಸರಿಯುತ್ತದೆ. ಕಾಲುವೆ ಏರಿದಲ್ಲಿ ಸೂಜಿ ಏರುತ್ತದೆ, ಇಳಿದಲ್ಲಿ ನೂಲನ್ನು ಎಳೆದುಕೊಂಡು ಇಳಿಯುತ್ತದೆ. ಸಾದಾ ಇಂಟರ್‌ಲಾಕ್ ಯಂತ್ರಕ್ಕೆ ಸಿಲಿಂಡರಿನಲ್ಲಿ ಎರಡು, ಡಯಲ್‌ನಲ್ಲಿ ಎರಡು ಕಾಲುವೆ ಸಾಕು. ನಿಟ್, ಟಕ್, ಮಿಸ್ ಕ್ಯಾಮ್‌ಗಳನ್ನು ಅದಲುಬದಲು ಮಾಡಬಹುದಾದರೆ ಅದೇ ಯಂತ್ರ ಪಾಂಟೆಯನ್ನೂ ಟೆಕ್ಸಿಪಿಕೆಯನ್ನೂ ಹೆಣೆಯುತ್ತದೆ. ಕಾಲುವೆ ಹೆಚ್ಚಿದಷ್ಟೂ ವಿನ್ಯಾಸದ ಸ್ವಾತಂತ್ರ್ಯ ಹೆಚ್ಚು. ಸೂಜಿಗೊಂದು ಸ್ವತಂತ್ರ ಆಜ್ಞೆ ಬೇಕೆಂದರೆ ಎಲೆಕ್ಟ್ರಾನಿಕ್ ಜಕಾರ್ಡ್ ಯಂತ್ರಕ್ಕೇ ಹೋಗಬೇಕು. ಅಲ್ಲಿ ಮುಖದ ಚಿತ್ರ ಕಂಪ್ಯೂಟರಿನದು, ಬೆನ್ನಿನ ಅಚ್ಚುಕಟ್ಟು ಡಯಲ್‌ನದು. ಬಣ್ಣದ ಚುಕ್ಕಿಗಳು ಹರಡಿದ ಆ ಬೆನ್ನಿಗೆ ಹಕ್ಕಿಕಣ್ಣು ಎಂದು ಹೆಸರು. ಹೊಸ ಉದ್ಯಮಿಗಳು ಎಲ್ಲ ಬರುವ ಯಂತ್ರವನ್ನೇ ಕೊಳ್ಳಲು ಹಂಬಲಿಸುವುದನ್ನು ನೋಡಿದ್ದೇನೆ. ವರ್ಷವಿಡೀ ಸಾದಾ ಇಂಟರ್‌ಲಾಕ್ ಹೆಣೆಯುವವನಿಗೆ ಸಿಲಿಂಡರಿನಲ್ಲೇ ನಾಲ್ಕು ಕಾಲುವೆಯಿರುವ ಯಂತ್ರ ಎತ್ತಿನಗಾಡಿಗೆ ಏರ್‌ಬ್ಯಾಗ್ ಇದ್ದ ಹಾಗೆ.

ಟೈಮಿಂಗ್ ಎಂಬ ಸಂಗತಿಯನ್ನು ಯಂತ್ರದ ಪಕ್ಕ ನಿಲ್ಲದವರು ಗಮನಿಸುವುದೇ ಇಲ್ಲ. ಸಿಲಿಂಡರಿನ ಸೂಜಿಯೂ ಡಯಲ್‌ನ ಸೂಜಿಯೂ ಒಂದೇ ಗಳಿಗೆಗೆ ಕುಣಿಕೆ ಕಳಚಿದರೆ ಅದು ಸಮಕಾಲ. ಡಯಲ್‌ನ ಸೂಜಿ ಕೆಲವು ಸೂಜಿಗಳಷ್ಟು ತಡವಾಗಿ ಕಳಚಿದರೆ ಅದು ವಿಳಂಬ. ವಿಳಂಬದಲ್ಲಿ ಡಯಲ್ ಸೂಜಿ ತನಗೆ ಬೇಕಾದ ನೂಲನ್ನು ಸಿಲಿಂಡರ್ ಆಗಲೇ ಮಾಡಿಟ್ಟ ಕುಣಿಕೆಯಿಂದ ಕದಿಯುತ್ತದೆ. ಬಟ್ಟೆ ಬಿಗಿಯಾಗಿ, ಕುಣಿಕೆಗಳು ಸಮನಾಗಿ ಬರುತ್ತವೆ. ಇಂಟರ್‌ಲಾಕ್, ಒಂದಕ್ಕೊಂದು ರಿಬ್ ಸೊಗಸಾಗುವುದು ಈ ಕಳ್ಳತನದಿಂದ. ಆದರೆ ಕದಿಯಲು ಎದುರು ಮನೆಯಲ್ಲಿ ಸದಾ ಯಾರಾದರೂ ಇರಬೇಕು. ಎರಡಕ್ಕೆರಡು, ಆರಕ್ಕೆ ಮೂರು ಎಂದು ಸೂಜಿ ತೆಗೆದ ರಿಬ್‌ಗಳಲ್ಲೂ ಜಕಾರ್ಡಿನಲ್ಲೂ ಆ ಭರವಸೆ ಇಲ್ಲ, ಅಲ್ಲಿ ಸಮಕಾಲವೇ ಗತಿ. ಸಿಲಿಂಡರಿನಿಂದ ಡಯಲ್ ಎಷ್ಟು ಎತ್ತರದಲ್ಲಿದೆ ಎಂಬುದೂ ಹೀಗೆಯೇ. ಮಿಲಿಮೀಟರಿನ ಸಣ್ಣ ಭಾಗ ಏರಿಸಿದರೂ ಎರಡು ಮುಖಗಳ ನಡುವಿನ ನೂಲಿನ ಸೇತುವೆ ಉದ್ದವಾಗಿ ಬಟ್ಟೆಯ ತೂಕ, ದಪ್ಪ ಬದಲಾಗುತ್ತದೆ.

ಆ ಸೇತುವೆಯನ್ನೇ ಬೇಕೆಂದು ಉದ್ದ ಮಾಡಿ, ಗಡುಸಾದ ಪ್ಲಾಸ್ಟಿಕ್ ಎಳೆಯಿಂದ ಎರಡು ಮುಖಗಳ ನಡುವೆ ಟಕ್ ಹಾಕಿದರೆ ಸ್ಪೇಸರ್ ಬಟ್ಟೆ: ಹಾಸಿಗೆಯ ಹೊದಿಕೆ, ಓಟದ ಬೂಟು, ಬ್ರಾ ಕಪ್. ಎರಡೂ ತುದಿಗೆ ಕೊಕ್ಕೆ ಇರುವ ಸೂಜಿಯಿಂದ ಒಂದೇ ಕಂಬಸಾಲಿನಲ್ಲಿ ಸೀದಾ ಉಲ್ಟಾ ಮಾಡುವ ಪರ್ಲ್ ಇದೆ, ಅದು ಉದ್ದಕ್ಕೆ ಹಿಗ್ಗುತ್ತದೆ. ಅದು ನಮ್ಮ ಕುಲದ ನೆಂಟ, ಮನೆಯವನಲ್ಲ.

ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಿಗೆ ಬರುವ ಹೆಣಿಗೆ ಬಟ್ಟೆಯ ದೊಡ್ಡ ಆಸರೆ ತಿರುಪ್ಪೂರು. ಅಲ್ಲಿ ಬಟ್ಟೆ ಮೀಟರಿನಲ್ಲಿ ಅಲ್ಲ, ಕಿಲೋದಲ್ಲಿ. ಇದು ಸಣ್ಣ ಸಂಗತಿಯಲ್ಲ. ಚದರ ಮೀಟರಿಗೆ 140 ಗ್ರಾಂ ತೂಗುವ ಸಿಂಗಲ್ ಜರ್ಸಿ ಒಂದು ಕಿಲೋಗೆ 7 ಚದರ ಮೀಟರ್ ದಾಟುತ್ತದೆ. 200 ಗ್ರಾಮಿನ ಇಂಟರ್‌ಲಾಕ್ 5 ಚದರ ಮೀಟರಿಗೆ ನಿಲ್ಲುತ್ತದೆ, 300 ಗ್ರಾಮಿನ ಪಾಂಟೆ ಮೂರು ಚಿಲ್ಲರೆಗೆ. ಕಿಲೋದ ದರದಲ್ಲಿ ಹತ್ತಿಪ್ಪತ್ತು ರೂಪಾಯಿ ಚೌಕಾಸಿ ಮಾಡಿ ಗೆದ್ದೆನೆಂದು ಬರುವವರು ಅಂಗಿಯ ಲೆಕ್ಕದಲ್ಲಿ ಸೋತಿರುತ್ತಾರೆ.

ಕೊಳ್ಳುವಾಗ ಹೆಸರನ್ನು ನಂಬಬೇಡಿ ಎಂದು ಹೇಳಲು ನನಗೆ ಸ್ವಂತ ಕಾರಣವಿದೆ. ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಇಂಟರ್‌ಲಾಕ್ ಎಂದು ಬರೆಸಿ ತಂದ ಬಟ್ಟೆಯನ್ನು ಮನೆಯಲ್ಲಿ ಅಗಲಕ್ಕೆ ಎಳೆದು ನೋಡಿದರೆ, ಕಂಬಸಾಲುಗಳ ನಡುವಿನಿಂದ ಉಲ್ಟಾ ಕುಣಿಕೆಗಳು ಇಣುಕಿ ನಕ್ಕವು: ಸಣ್ಣ ಗೇಜಿನ ರಿಬ್. ಅಂದಿನಿಂದ ಅಂಗಡಿಯಲ್ಲೇ ಎಳೆಯುತ್ತೇನೆ. ಎಳೆದಾಗ ಒಳಗಿನದು ಕಂಡರೆ ರಿಬ್. ಕಾಣದಿದ್ದರೆ, ಎರಡು ಮುಖವೂ ಒಂದೇ ಆಗಿದ್ದರೆ ಇಂಟರ್‌ಲಾಕ್ ಮನೆತನದ್ದು. ಕತ್ತರಿಸಿದ ತುದಿಯಿಂದ ನೂಲು ಬಿಚ್ಚುವಾಗ ಒಂದು ಪೂರ್ತಿ ಸಾಲು ಕಳಚಲು ಎರಡು ಎಳೆ ಬೇಕಾದರೆ ಸಂಶಯವೇ ಉಳಿಯದು. ಅಡ್ಡಕ್ಕೆ ಎಳೆದಾಗ ಗಟ್ಟಿಯಾಗಿ ತಡೆದು, ಮುಖದ ಮೇಲೆ ನವುರಾದ ಅಡ್ಡಗೆರೆ ಕಂಡರೆ ಪಾಂಟೆಯೋ ಮಿಲಾನೊವೋ ಇರಬೇಕು. ಮಕ್ಕಳ ಬಟ್ಟೆಗೆ ಇಂಟರ್‌ಲಾಕಿಗೆ ಸಾಟಿಯಿಲ್ಲ ಎಂಬುದು ನನ್ನ ಪಕ್ಷಪಾತ. ಆದರೆ ಮಾರ್ಚಿನ ಮಂಗಳೂರಿನಲ್ಲಿ ಡಬಲ್ ಜರ್ಸಿಯ ಅಂಗಿ ತೊಡುವುದು ಶಿಕ್ಷೆ. ಅಲ್ಲಿ ಸುರುಳಿ ಸುತ್ತುವ ಬಡ ಸಿಂಗಲ್ ಜರ್ಸಿಯೇ ಮೇಲು.

ಈಗಿನ ಕೆಲವು ಯಂತ್ರಗಳನ್ನು ರಿಬ್ಬಿನಿಂದ ಇಂಟರ್‌ಲಾಕಿಗೆ ಬದಲಿಸಬಹುದು. ಫಿಟ್ಟರ್ ಯಂತ್ರ ನಿಲ್ಲಿಸಿ, ನೂಲು ಕತ್ತರಿಸಿ, ಕ್ಯಾಮ್ ತಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ನೆಲದ ಮೇಲೆ ಸಾಲಾಗಿ ಇಡುತ್ತಾನೆ. ಒಂದೇ ಬಗೆಯ ಸೂಜಿಗಳಿದ್ದಲ್ಲಿ ಎರಡು ಬಗೆಯವನ್ನು ಒಂದು ಬಿಟ್ಟು ಒಂದರಂತೆ ತುಂಬುತ್ತಾನೆ. ಸಾವಿರಾರು ಸೂಜಿ, ಒಂದು ತಪ್ಪಿದರೂ ಮುರಿತ ಖಚಿತ. ಆಮೇಲೆ ಡಯಲ್ ಹಿಡಿದ ಬೋಲ್ಟ್ ಸಡಿಲಿಸಿ, ಟಾರ್ಚು ಕಚ್ಚಿಕೊಂಡು ಸಂದಿಗೆ ಕಣ್ಣಿಟ್ಟು, ಡಯಲ್ಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತಾನೆ. 24 ಗೇಜಿನಲ್ಲಿ ಅರ್ಧ ಸೂಜಿ ಎಂದರೆ ಅರ್ಧ ಮಿಲಿಮೀಟರಿಗಿಂತ ಒಂದಿಷ್ಟು ಹೆಚ್ಚು. ಸೂಜಿಗೆ ಸೂಜಿ ಎದುರಾದ ಮೇಲೆ ಬೋಲ್ಟ್ ಬಿಗಿದು, ಮೋಟಾರ್ ಹಾಕದೆ, ಹಿಡಿಕೆ ಹಿಡಿದು ಕೈಯಿಂದಲೇ ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು ನಿಲ್ಲುತ್ತಾನೆ.